ಬೋರ್ಡಿನ ಆಚೆ ಬದಿಯಲ್ಲಿ ಆಪಾ

ಪರೀಕ್ಷೆಯ ನಿಯಮ ಬರೆದವರಿಗೆ ಏನೂ ಆಗಲಿಲ್ಲ. ಅಂಕ ಹಾಕಿದವರಿಗೂ ಏನೂ ಆಗಲಿಲ್ಲ. ಅದರ ಫಲವನ್ನು ಬದುಕಿಡೀ ಉಂಡವಳು ನನ್ನ ಅಕ್ಕ ಶಮೀಮ್. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಹಳೆಯದನ್ನು ನೆನೆಯುವಾಗ ಹೊಣೆಗಾರರ ಮುಖಗಳು ಮಸುಕಾಗಿ, ಅನ್ಯಾಯವೂ ಒಂದು ಬಗೆಯ ಸಿಹಿಯಾಗಿ ಕಾಣತೊಡಗುತ್ತದೆ; ನಾನು ಹಾಗಾಗಗೊಡುವವಳಲ್ಲ. ಆದರೂ ಕಳೆದ ತಿಂಗಳು ದಾವಣಗೆರೆಯ ದೇವರಾಜ ಅರಸು ಬಡಾವಣೆಯ ನನ್ನ ಮನೆಯೆದುರು ಯಾರೋ ಕಬ್ಬಿಣದ ಗೇಟಿಗೆ ಬಣ್ಣ ಹಚ್ಚಲು ಕೂತು, ಡಬ್ಬಿಯ ಮುಚ್ಚಳವನ್ನು ಮೀಟಿ ತೆಗೆದರು. ಟರ್ಪೆಂಟೈನ್ ಮತ್ತು ಅಗಸೆ ಎಣ್ಣೆ ಬೆರೆತ ಆ ವಾಸನೆ ಕಿಟಕಿಯೊಳಗೆ ಬಂದದ್ದೇ, ನಾನು ಓದುತ್ತಿದ್ದ ಪತ್ರಿಕೆಯನ್ನು ಮಡಿಸಿಟ್ಟೆ. ಅದು ನನ್ನ ತಂದೆಯ ಅಂಗಿಯ ವಾಸನೆ, ನಮ್ಮ ರೊಟ್ಟಿಗೂ ನೀರಿಗೂ ಅಂಟಿಕೊಂಡಿರುತ್ತಿದ್ದ ವಾಸನೆ. ಯಾವ ಮನೆಯಲ್ಲಿ ಬೆಳೆದಿರೋ ಆ ಮನೆ ಇಲ್ಲವಾದ ಮೇಲೂ ಅದರ ವಾಸನೆ ಬೇರೆಯವರ ಗೇಟಿನಿಂದ ಬಂದು ನಿಮ್ಮನ್ನು ಹುಡುಕುತ್ತದೆ ಎಂಬುದು ನಿಮಗೂ ಗೊತ್ತಿರಬಹುದು.

ನಮ್ಮದು ಹರಿಹರದ ಕೋಟೆ ಓಣಿಯ ಮನೆ. ತಂದೆ ಗಫೂರ್ ಸಾಹೇಬರು ಅಂಗಡಿಗಳ ಬೋರ್ಡು ಬರೆಯುವ ಪೇಂಟರ್. ಎಪ್ಪತ್ತರ ದಶಕದಲ್ಲಿ ಹರಿಹರದ ಬಸ್ ನಿಲ್ದಾಣದ ಸುತ್ತಲಿನ ಅಂಗಡಿಗಳಲ್ಲೂ, ನಂದಿಗುಡಿಯ ಕಡೆ ಓಡುತ್ತಿದ್ದ ಬಸ್ಸುಗಳ ಹಣೆಯಲ್ಲೂ ಅವರ ಅಕ್ಷರಗಳಿದ್ದವು. ಮನೆಯೊಳಗೆ ನಾವು ಉರ್ದು ಮಾತಾಡುತ್ತಿದ್ದೆವು. ಬೋರ್ಡಿನ ಮುಂದೆ ಕೂತೊಡನೆ ಅಬ್ಬಾ ಕನ್ನಡಕ್ಕೆ ಬದಲಾಗುತ್ತಿದ್ದರು. ಅಕ್ಷರ ಕನ್ನಡದ್ದಿರುವಾಗ ಬಾಯಿ ಬೇರೆ ಮಾತಾಡಿದರೆ ಕೈ ಗೊಂದಲಕ್ಕೆ ಬೀಳುತ್ತದೆ ಎಂಬುದು ಅವರ ನಂಬಿಕೆ. ಅಂಗಳ ಎಷ್ಟು ಕಿರಿದಾಗಿತ್ತೆಂದರೆ ಎಂಟು ಅಡಿಯ ತಗಡಿನ ಬೋರ್ಡನ್ನು ಇಟ್ಟಿಗೆಗಳ ಮೇಲೆ ಮಲಗಿಸಿದರೆ ಬಾಗಿಲ ಕಡೆ ಇಬ್ಬರು, ಗೋಡೆಯ ಕಡೆ ಒಬ್ಬರು ಕುಕ್ಕರುಗಾಲಲ್ಲಿ ಕೂರುವಷ್ಟೇ ಜಾಗ ಉಳಿಯುತ್ತಿತ್ತು. ಬಾಗಿಲ ಕಡೆ, ಅಂದರೆ ಬೋರ್ಡಿನ ಬುಡದಲ್ಲಿ, ಅಬ್ಬಾ ಮತ್ತು ನಾನು. ಗೋಡೆಯ ಕಡೆ, ಬೋರ್ಡಿನ ತಲೆಯಲ್ಲಿ, ಶಮೀಮ್ ಆಪಾ. ಹಸಿ ಅಕ್ಷರಗಳ ಮೇಲೆ ಕೈ ಚಾಚಿ ಚಿತ್ರ ಬರೆದರೆ ಬಣ್ಣ ಒರೆಸಿಹೋಗುತ್ತದೆ. ಆದ್ದರಿಂದ ಮೇಲ್ಭಾಗದ ಚಿತ್ರವನ್ನು ಆಚೆ ಬದಿಯಿಂದಲೇ ಬರೆಯಬೇಕು. ಹೀಗೆ ಏಳೆಂಟು ವರ್ಷದ ಹುಡುಗಿಯಾಗಿದ್ದಾಗಲೇ ಆ ಗೋಡೆಯ ಪಕ್ಕ ಕೂತ ನನ್ನ ಅಕ್ಕ, ಲೋಕದ ಸಕಲ ವಸ್ತುಗಳನ್ನೂ ತಲೆಕೆಳಗಾಗಿ ಬರೆಯಲು ಕಲಿತಳು. ಅವಳಿಗೆ ತಲೆಕೆಳಗು, ಎದುರಿಗೆ ಕೂತ ನಮಗೆ ನೆಟ್ಟಗೆ. ಚಿತ್ರವೆಂದರೆ ಎದುರಿನವರಿಗೆ ಕಾಣಬೇಕಾದದ್ದು ಎಂದೇ ಅವಳು ತಿಳಿದಿದ್ದಳು.

ಒಮ್ಮೆ ಹತ್ತಿರದ ಸಾರಥಿ ಎಂಬ ಊರಿನ ರುದ್ರಗೌಡರು ತಮ್ಮ ಬೀಜದ ಅಂಗಡಿಗೆ ಜೋಡೆತ್ತಿನ ಬೋರ್ಡು ಬರೆಸಿದರು. ಕೆಲಸ ಎಲ್ಲಿಗೆ ಬಂತೆಂದು ನೋಡಲು ಬಂದವರು ಗೋಡೆಯ ಕಡೆಯಿಂದ ಇಣುಕಿ, ಹೌಹಾರಿದರು.

"ಏನ್ರಿ ಸಾಹೇಬ್ರ, ನಮ್ಮೆತ್ತಿನ ಕಾಲು ಆಕಾಶಕ್ಕೆ ಮಾಡ್ಯಾಳಲ್ರಿ ನಿಮ್ಮ ಮಗಳು! ಇದನ್ನ ನೋಡಿದೋರು ಬೀಜ ತಗಂತಾರೋ, ದನದ ಡಾಕ್ಟ್ರನ್ನ ಕರಕಂಡು ಬರ್ತಾರೋ?"

"ಕೂಡ್ರಿ ಗೌಡ್ರ, ಚಾ ಕುಡೀರಿ. ಬೋರ್ಡು ಎದ್ದು ನಿಂತಾಗ ನಿಮ್ಮೆತ್ತೂ ಎದ್ದು ನಿಲ್ತಾವೆ," ಎಂದರು ಅಬ್ಬಾ.

ಆಪಾ ತಲೆ ಎತ್ತದೆ ಹೇಳಿದಳು: "ಎತ್ತು ಸರಿಯಾಗೇ ಅದಾವೆ ಗೌಡ್ರೇ. ನಾನೇ ತಲೆಕೆಳಗ ಕೂತೀನಿ."

ಬೋರ್ಡನ್ನು ಗೋಡೆಗೆ ಆನಿಸಿ ನಿಲ್ಲಿಸಿದಾಗ ಗೌಡರು ಹತ್ತಿರ ಬಂದು ಬಗ್ಗಿ ನೋಡಿದರು. ಆಮೇಲೆ, "ಎಡಗಡೆದು ನಮ್ಮನೆ ಎತ್ತೇ ಐತಲ್ಲವ್ವ! ಆ ಹೆಗಲ ಮ್ಯಾಲಿನ ಹಿಣಿಲು ಹಿಂಗೇ ಒಂದ್ ಕಡಿಗೆ ವಾಲ್ತೈತೆ. ನೀನದನ್ನ ಎಲ್ಲಿ ನೋಡಿದ್ದಿ?" ಎಂದರು. "ಮೊನ್ನೆ ನಿಮ್ಮ ಗಾಡಿ ಓಣಿ ತುದಿಗೆ ನಿಂತಿತ್ತಲ್ರಿ," ಎಂದಳು ಆಪಾ. ಅಷ್ಟೇ. ಒಮ್ಮೆ ನೋಡಿದ್ದು ಅವಳ ಕಣ್ಣಿನಲ್ಲಿ ಉಳಿಯುತ್ತಿತ್ತು. ಬೋರ್ಡಿನ ಕೆಳಮೂಲೆಯಲ್ಲಿ 'ಪೇಂಟರ್ ಗಫೂರ್' ಎಂದು ಅಬ್ಬಾ ತಮ್ಮ ಹೆಸರನ್ನಷ್ಟೇ ಬರೆದರು. ಯಾವ ಬೋರ್ಡಿನ ಮೇಲೂ ಅವರು ಮಗಳ ಹೆಸರನ್ನು ಬರೆಯಲಿಲ್ಲ. ಹೆಣ್ಣುಮಗಳ ಹೆಸರು ಬಜಾರಿನಲ್ಲಿ ತೂಗಬಾರದೆಂದರು. ಅವರನ್ನು ನಾನು ಈಗಲೂ ಪ್ರೀತಿಸುತ್ತೇನೆ. ಆದರೆ ಅದು ತಪ್ಪು, ಮತ್ತು ಅದನ್ನು ತಪ್ಪೆಂದೇ ಇಲ್ಲಿ ಬರೆಯುತ್ತಿದ್ದೇನೆ.

ನನ್ನ ಕೆಲಸ ಎಣಿಕೆಯದು. ಸೀಮೆಸುಣ್ಣದ ಪುಡಿ ಉಜ್ಜಿದ ದಾರದ ಒಂದು ತುದಿಯನ್ನು ಹಿಡಿದು, ಅಬ್ಬಾ ಅದನ್ನು ಮೀಟಿದಾಗ ತಗಡಿನ ಮೇಲೆ ಮೂಡುವ ಬಿಳಿ ಗೆರೆಯ ಕೆಳಗೆ ಎಷ್ಟು ಅಕ್ಷರ, ಎಷ್ಟು ಅಂತರ, ಒತ್ತಕ್ಷರಕ್ಕೆ ಕೆಳಗೆಷ್ಟು ಜಾಗ ಎಂದು ಲೆಕ್ಕ ಹಾಕಿ ಗುರುತು ಮಾಡುವುದು. ಇದರಲ್ಲಿ ಆಪಾ ಪೂರಾ ದಡ್ಡಿ. ಒಂದು ಹಿಟ್ಟಿನ ಗಿರಣಿಯ ಬೋರ್ಡನ್ನು ಅವಳಿಗೆ ಬಿಟ್ಟಾಗ ಮೊದಲ ಮೂರು ಅಕ್ಷರಗಳನ್ನು ಗುಂಡುಗುಂಡಾಗಿ, ಅಂದವಾಗಿ ಬರೆದು, ಉಳಿದವನ್ನು ಬಸ್ಸಿನ ಕೊನೆಯ ಸೀಟಿನಲ್ಲಿ ಕೂತವರಂತೆ ಒತ್ತೊತ್ತಾಗಿ ತುರುಕಿದ್ದಳು. ನನಗೋ, ಅಳತೆಯಿಲ್ಲದ ಒಂದು ಗೆರೆಯನ್ನೂ ಎಳೆಯಲು ಬಾರದು. ನಾನು ಚಹಾದ ಕೆಟ್ಲು ಬರೆದರೆ ಅದು ಪುಸ್ತಕದೊಳಗಿನ ಕೆಟ್ಲಾಗುತ್ತಿತ್ತೇ ಹೊರತು, ನಮ್ಮ ಒಲೆಯ ಪಕ್ಕದ, ತಳ ನೆಗ್ಗಿದ ಕೆಟ್ಲಾಗುತ್ತಿರಲಿಲ್ಲ. ಆಪಾ ನನ್ನ ಹಾಳೆಯನ್ನು ತಿರುಗಿಸಿ ಇಟ್ಟು ಹೇಳುತ್ತಿದ್ದಳು: "ಅದರ ಹೆಸರು ಬಿಟ್ಟುಬಿಡು ನಸೀ. ಕೆಟ್ಲು ಅಂದ್ಕಂಡ್ರೆ ನಿನ್ನ ತಲೆಯಾಗಿನ ಕೆಟ್ಲೇ ಬರ್ತೈತೆ. ಹಿಡಿಕಿ ಒಳಗ ಖಾಲಿ ಐತಲ್ಲ, ಆ ಖಾಲೀನ ಬರಿ. ಖಾಲಿ ಸರಿಹೋದ್ರೆ ಹಿಡಿಕಿ ತಾನೇ ಬಂದು ಕೂಡ್ತೈತೆ."

ಶುಕ್ರವಾರ ನಮಾಜಿನ ನಂತರ ಬೋರ್ಡಿನ ಕೆಲಸವಿರುತ್ತಿರಲಿಲ್ಲ. ಆಗ ಅಬ್ಬಾ ನಮ್ಮಿಬ್ಬರ ಜಾಗ ಬದಲಿಸುತ್ತಿದ್ದರು. ನಾನು ಗೋಡೆಯ ಕಡೆ ಹೋಗಿ, ಅಳತೆಕೋಲಿಲ್ಲದೆ, ಎದುರಿನವರಿಗೆ ಕಾಣುವಂತೆ ಒಂದು ಚಪ್ಪಲಿಯನ್ನೋ ಬೀಗವನ್ನೋ ಬರೆಯಬೇಕು. ಆಪಾ ಬಾಗಿಲ ಕಡೆ ಬಂದು ದಾರ ಮೀಟಿ, ಅಕ್ಷರ ಎಣಿಸಬೇಕು. ನಾನು ಅಳುತ್ತಿದ್ದೆ, ಆಪಾ ಬೆರಳು ಮಡಿಸಿ ಎಣಿಸುತ್ತ ಏಳರ ನಂತರ ಒಂಬತ್ತು ಅನ್ನುತ್ತಿದ್ದಳು. ಅಡುಗೆಮನೆಯ ಬಾಗಿಲಲ್ಲಿ ನಿಂತ ಅಮ್ಮಿ, "ಮಕ್ಕಳನ್ನ ಯಾಕ ಹಿಂಗ ಗೋಳಾಡಿಸ್ತೀರಿ?" ಎಂದರೆ ಅಬ್ಬಾ ನಗುತ್ತಿದ್ದರು: "ಒಬ್ಬಳು ಎಣಿಸ್ತಾಳೆ, ಒಬ್ಬಳು ನೋಡ್ತಾಳೆ. ಇಬ್ಬರೂ ಕೂಡಿದ್ರೆ ಒಬ್ಬ ಪೇಂಟರ್. ನಾಳೆ ಇವರಿಬ್ಬರೂ ಬೇರೆ ಬೇರೆ ಮನೆಗೆ ಹೋದ್ರೆ ಇಬ್ಬರ ಕೈಯಾಗೂ ಅರ್ಧರ್ಧ ಪೇಂಟರ್ ಉಳೀತಾನೆ." ಚಿತ್ರಕಲೆ ಕಲಿಸುವ ಬಗ್ಗೆ ಇದಕ್ಕಿಂತ ಸರಿಯಾದ ಮಾತನ್ನು ನಾನು ಯಾವ ತರಬೇತಿಯಲ್ಲೂ ಕೇಳಿಲ್ಲ.

ಆಪಾ ಎಸ್ಸೆಸ್ಸೆಲ್ಸಿ ಮುಗಿಸಿ ಮನೆಯಲ್ಲಿದ್ದಳು, ನಾನಿನ್ನೂ ಹೈಸ್ಕೂಲಿನಲ್ಲಿದ್ದೆ. ಊರಿನ ಒಂದು ಹೆಣ್ಣುಮಕ್ಕಳ ಶಾಲೆಯಲ್ಲಿ ಡ್ರಾಯಿಂಗ್ ಟೀಚರ್ ಹುದ್ದೆ ಖಾಲಿ ಇತ್ತು. ಅದು ತನಗೆ ಬೇಕೆಂದು ಆಪಾ ಒಂದು ದಿನ ಊಟದ ನಡುವೆ ಹೇಳಿದಳು. ಅವಳು ಬಾಯಿಬಿಟ್ಟು ಏನನ್ನಾದರೂ ಬೇಕೆಂದು ಕೇಳಿದ್ದು ನನಗೆ ನೆನಪಿರುವಂತೆ ಅದೊಂದೇ ಸಲ. ಅಬ್ಬಾ ಒಪ್ಪಿದರು. ಆದರೆ ಆ ಹುದ್ದೆಗೆ ಡ್ರಾಯಿಂಗ್ ಪರೀಕ್ಷೆಯ ಸರ್ಟಿಫಿಕೇಟು ಬೇಕಿತ್ತು. ನನ್ನ ಶಾಲೆಯ ಡ್ರಾಯಿಂಗ್ ಮಾಸ್ತರು ಶಿವಮೂರ್ತೆಪ್ಪನವರು ಇಬ್ಬರ ಅರ್ಜಿಯನ್ನೂ ತುಂಬಿಸಿದರು. ಅವರು ಕೆಟ್ಟವರಲ್ಲ. ಆದರೆ ಅವರಿಗೆ ಗೊತ್ತಿದ್ದ ಚಿತ್ರಕಲೆ ಚೌಕುಳಿಯದು: ಮಾದರಿಯ ಮೇಲೆ ಚೌಕ, ಹಾಳೆಯ ಮೇಲೆ ಚೌಕ, ಒಂದರೊಳಗಿನದನ್ನು ಇನ್ನೊಂದರೊಳಗೆ ಇಳಿಸುವುದು. ಎಲೆಯೆಂದರೆ ನಡುವೆ ಒಂದು ನರ, ಆಚೆ ಐದು, ಈಚೆ ಐದು. ಇಡೀ ತರಗತಿಯ ಮಾವಿನ ಎಲೆಗಳು ಒಂದೇ ಅಚ್ಚಿನಿಂದ ಇಳಿದಂತಿರುತ್ತಿದ್ದವು. ಆ ಪಾಠದಲ್ಲಿ ನಾನು ಮೊದಲಿಗಳು. ನೋಡದೆಯೂ ನೂರಕ್ಕೆ ತೊಂಬತ್ತು ತೆಗೆಯುವ ಚಿತ್ರಗಾರ್ತಿಯಾಗಿದ್ದೆ.

ಪರೀಕ್ಷೆ ದಾವಣಗೆರೆಯ ಒಂದು ಹೈಸ್ಕೂಲಿನಲ್ಲಿ. ಬೆಳಗಿನ ಪ್ಯಾಸೆಂಜರ್ ರೈಲಿನಲ್ಲಿ ಕೂತು ನಾನು ಪ್ರವೇಶಪತ್ರದ ಹಿಂಬದಿಯ ಸೂಚನೆಗಳನ್ನು ಒಂದೊಂದಾಗಿ ಓದಿದೆ. ಅವುಗಳಲ್ಲೊಂದು: ನಂಬರಿನ ಚೌಕ ಮೇಲಿರುವಂತೆ ಹಾಳೆಯನ್ನು ಇಟ್ಟುಕೊಳ್ಳತಕ್ಕದ್ದು, ಪರೀಕ್ಷೆ ಮುಗಿಯುವವರೆಗೆ ತಿರುಗಿಸತಕ್ಕದ್ದಲ್ಲ. ನಾನು ಆಪಾಳಿಗೆ ಎರಡೆರಡು ಸಲ ಹೇಳಿದೆ: "ಮನೆಯಾಗಿನಂಗೆ ಹಾಳೆ ತಿರುಗಿಸ್ಕಂಡು ಕೂಡಬ್ಯಾಡ. ನಂಬರು ಮ್ಯಾಲೇ ಇರಬೇಕು. ಇಲ್ಲಾಂದ್ರೆ ಹೊರಗ ಕಳಿಸ್ತಾರೆ." ಆಪಾ ಹೆದರಿದ್ದಳು. ಆ ಮುಂಜಾನೆ ನಾನು ಹೇಳಿದ್ದಕ್ಕೆಲ್ಲ ತಲೆಯಾಡಿಸಿದಳು. ಬಿಳಿ ದಾವಣಿಯ ಅಂಚನ್ನು ಬೆರಳಿಗೆ ಸುತ್ತುತ್ತ, ಬಿಚ್ಚುತ್ತ ಕೂತಿದ್ದಳು.

ಮೊದಲ ಪತ್ರಿಕೆ ವಸ್ತುಚಿತ್ರ. ಸ್ಟೂಲಿನ ಮೇಲೆ ಒಂದು ತಂಬಿಗೆ, ಅದಕ್ಕೆ ಒರಗಿಸಿದ ಪುಸ್ತಕ. ಆಪಾ ನನ್ನ ಮುಂದಿನ ಸಾಲಿನಲ್ಲಿ, ಒಂದು ಬೆಂಚು ಓರೆಗಿದ್ದಳು. ಅವಳು ಹಾಳೆಯನ್ನು ನಾನು ಹೇಳಿದಂತೆಯೇ ಇಟ್ಟಳು. ನಂಬರು ಮೇಲೆ. ಆಮೇಲೆ, ಕೈಗೆ ರೂಢಿಯಾಗಿದ್ದಂತೆ, ಎದುರು ನಿಲ್ಲುವವರಿಗೆ ಕಾಣಬೇಕಾದ ಹಾಗೆ ತಂಬಿಗೆಯನ್ನು ಬರೆದಳು. ನಿಯಮ ಪಾಲಿಸಿದ್ದು ನನಗಾಗಿ, ಚಿತ್ರ ಬರೆದದ್ದು ಎದುರಿನವರಿಗಾಗಿ. ಗಂಟೆ ಬಾರಿಸಿ, ಮೇಲ್ವಿಚಾರಕರು ಮುಂದಿನಿಂದ ಹಾಳೆಗಳನ್ನು ಎತ್ತಿಕೊಳ್ಳುತ್ತ ಬಂದಾಗ ನಾನು ಎದ್ದು ನಿಂತಿದ್ದೆ. ಅವಳ ಹಾಳೆ ನನಗೆ ಕಂಡಿತು. ತಂಬಿಗೆಯ ಕಂಠದ ಮೇಲೆ ಕಿಟಕಿಯ ಬೆಳಕು ಬಿದ್ದು ಜಾರಿದ ರೀತಿ, ಪುಸ್ತಕದ ಸಡಿಲ ರಟ್ಟು, ಎರಡರ ನಡುವಿನ ಆ ತ್ರಿಕೋನದ ಖಾಲಿ, ಎಲ್ಲವೂ ಅಷ್ಟು ಜೀವಂತವಾಗಿ, ನಂಬರಿನ ಚೌಕಕ್ಕೆ ತಲೆಕೆಳಗಾಗಿ ಇತ್ತು. ಏನಾಯಿತೆಂದು ನನಗೆ ಆ ಕ್ಷಣದಲ್ಲೇ ತಿಳಿಯಿತು. ಹಾಳೆಯನ್ನು ತಿರುಗಿಸಿ ನೋಡಿ ಎಂದು ಮೇಲ್ವಿಚಾರಕರಿಗೆ ನಾನು ಒಂದು ಮಾತು ಹೇಳಬಹುದಿತ್ತು. ಗಂಟೆಯಾದ ಮೇಲೆ ಮಾತಾಡತಕ್ಕದ್ದಲ್ಲ ಎಂಬುದು ಇನ್ನೊಂದು ಸೂಚನೆ. ನಾನು ಮಾತಾಡಲಿಲ್ಲ. ಹೊಣೆಗಾರರ ಪಟ್ಟಿ ಮಾಡುವಾಗ ನನ್ನ ಹೆಸರನ್ನು ಬಿಡಬಾರದು, ಆದ್ದರಿಂದ ಬರೆಯುತ್ತಿದ್ದೇನೆ.

ಫಲಿತಾಂಶದ ದಿನ ಶಿವಮೂರ್ತೆಪ್ಪ ಮಾಸ್ತರು ಸೈಕಲ್ಲನ್ನು ತಳ್ಳಿಕೊಂಡು ನಮ್ಮ ಓಣಿಗೆ ಬಂದರು. ನಾನು ಪಾಸು, ಆಪಾ ಫೇಲು. ದಾವಣಗೆರೆಯಲ್ಲಿ ತಮ್ಮ ಪರಿಚಯದವರನ್ನು ಅವರು ವಿಚಾರಿಸಿದ್ದರು. ವಸ್ತುವನ್ನು ತಲೆಕೆಳಗಾಗಿ ಬರೆದು ಪರೀಕ್ಷೆಯನ್ನು ಅಣಕಿಸಿದ್ದಾಳೆಂದು ಆ ಪತ್ರಿಕೆಗೆ ಸೊನ್ನೆ ಕೊಟ್ಟಿದ್ದರಂತೆ.

"ಆ ಹಾಳೇನ ಒಂದ್ಸಲ ತಿರುಗಿಸಿ ನೋಡ್ರಿ ಅಂತ ಅವರಿಗೆ ಒಂದು ಅರ್ಜಿ ಬರೀರಿ ಮಾಸ್ತರೇ," ಎಂದರು ಅಬ್ಬಾ. "ನಾನು ಬರೆದ್ರೆ ಪೇಂಟರ್ ಬರೆದದ್ದು ಅಂತಾರೆ. ನೀವು ಬರೆದ್ರೆ ಓದ್ತಾರೆ."

"ಮ್ಯಾಲಿನೋರ ತೀರ್ಮಾನ ಗಫೂರ್ ಸಾಹೇಬ್ರ. ನನ್ನ ಕೈಯಾಗ ಏನೈತೆ? ಬರೋ ವರ್ಷ ಮತ್ತೆ ಕೂಡ್ಲಿ ಬಿಡ್ರಿ."

ಆಪಾ ಬಾಗಿಲ ಮರೆಯಲ್ಲಿದ್ದಳು. ಅವಳು ಅಳಲಿಲ್ಲ. ಮಾಸ್ತರು ಹೋದ ಮೇಲೆ ನನ್ನನ್ನು ಕೇಳಿದಳು: "ಎದುರಿಗೆ ನಿಂತೋರಿಗೆ ನೆಟ್ಟಗೇ ಕಾಣ್ತಿತ್ತಲ್ಲ ನಸೀ? ಆ ಸರ್ ನನ್ನೆದುರಿಗೇ ನಿಂತಿದ್ರು. ನೋಡಿ ನಕ್ಕಿದ್ರು. ಚಲೋ ಐತೆ ಅಂತ ನಕ್ರು ಅಂದ್ಕಂಡೆ."

ಮರುವರ್ಷ ಅವಳು ಪರೀಕ್ಷೆಗೆ ಕೂರಲಿಲ್ಲ. ಅಭ್ಯಾಸಕ್ಕೆಂದು ಹಾಳೆ ಹಿಡಿದು ಕೂತರೆ ಪೆನ್ಸಿಲು ಗಾಳಿಯಲ್ಲೇ ನಿಲ್ಲುತ್ತಿತ್ತು. "ಈ ಕಡಿಂದ ಬರೀಬೇಕೋ, ಆ ಕಡಿಂದ ಬರೀಬೇಕೋ ಅಂತ ತಲಿ ಕೇಳ್ತೈತೆ. ತಲಿ ಕೇಳಿದ ಕೂಡ್ಲೆ ಕೈ ನಿಂತುಬಿಡ್ತೈತೆ," ಎಂದಳು. ಸೊನ್ನೆಗಿಂತ ದೊಡ್ಡ ನಷ್ಟ ಇದು. ಅಂಕಪಟ್ಟಿಯಲ್ಲಿ ಇದಕ್ಕೆ ಜಾಗವಿಲ್ಲ. ಯೋಚಿಸದೆ ನೋಡಬಲ್ಲವಳಾಗಿದ್ದ ನನ್ನ ಅಕ್ಕನಿಗೆ ಅವರು ಯೋಚನೆಯನ್ನು ಕಾಯಿಲೆಯಂತೆ ಹಚ್ಚಿ ಕಳಿಸಿದರು. ನಿಧಾನವಾಗಿ ಅವಳು ಚಿತ್ರಗಳನ್ನು ಬಿಟ್ಟಳು. ಗೋಡೆಯ ಬದಿಯಿಂದ ಎದ್ದು ಬಂದು, ನಾನು ಗುರುತು ಹಾಕಿದ ಅಕ್ಷರಗಳೊಳಗೆ ಬಣ್ಣ ತುಂಬತೊಡಗಿದಳು. ಎತ್ತು, ತೆಂಗಿನಕಾಯಿ, ಹೊಲಿಗೆ ಯಂತ್ರಗಳ ಚಿತ್ರ ಬೇಕೆಂದು ಬಂದವರಿಗೆ ಅಬ್ಬಾ, "ಅಕ್ಷರ ಮಾತ್ರ ಬರೀತೀವ್ರಿ," ಎನ್ನುವಂತಾಯಿತು. ಕೆಲವು ವರ್ಷಗಳ ನಂತರ, ಆಪಾ ಬಯಸಿದ್ದ ಅದೇ ಶಾಲೆಯ ಅದೇ ಹುದ್ದೆಗೆ ನಾನು ನೇಮಕಗೊಂಡೆ. ಮೊದಲ ದಿನ ನನಗೆ ಸೀರೆಯ ನೆರಿಗೆ ಹಿಡಿದವಳು ಅವಳೇ.

ಎಂಬತ್ತರ ದಶಕದ ನಡುವೆ ದಾವಣಗೆರೆಯಲ್ಲಿ ನಮ್ಮಂಥ ಡ್ರಾಯಿಂಗ್ ಟೀಚರುಗಳಿಗೆ ಒಂದು ತರಬೇತಿ ನಡೆಯಿತು. ಹೊರಗಿನಿಂದ ಬಂದ ಉಪನ್ಯಾಸಕರೊಬ್ಬರು ಕಪ್ಪುಹಲಗೆಯ ಮೇಲೆ ಮಿದುಳಿನ ಚಿತ್ರ ಬರೆದು ನಡುವೆ ಗೆರೆ ಎಳೆದರು. ಎಡಭಾಗ ಎಣಿಸುತ್ತದೆ, ಹೆಸರಿಡುತ್ತದೆ, ಸಾಲಾಗಿ ಜೋಡಿಸುತ್ತದೆ. ಬಲಭಾಗ ಇಡಿಯಾಗಿ ನೋಡುತ್ತದೆ, ಆಕಾರವನ್ನೂ ಖಾಲಿಯನ್ನೂ ಹಿಡಿಯುತ್ತದೆ. ನಮ್ಮ ಶಾಲೆಗಳು ಎಡಭಾಗಕ್ಕಷ್ಟೇ ಊಟ ಹಾಕುತ್ತಿವೆ, ಚಿತ್ರಕಲೆಯ ಪಾಠದಲ್ಲಾದರೂ ಎರಡನ್ನೂ ಸರಿತೂಗಿಸಬೇಕು ಎಂದರು. ಬಲಭಾಗವನ್ನು ಎಚ್ಚರಿಸಲು ಒಂದು ಉಪಾಯವಿದೆಯೆಂದು ಹೇಳಿ, ನಮಗೆಲ್ಲ ಒಂದೊಂದು ಚಿತ್ರ ಹಂಚಿ, ಅದನ್ನು ತಲೆಕೆಳಗಾಗಿ ಇಟ್ಟುಕೊಂಡು ನಕಲು ಮಾಡಿ ಎಂದರು. ಸುತ್ತಲಿನವರು ಬೆರಗಿನಿಂದ ನಗುತ್ತ ಬರೆಯತೊಡಗಿದರು. ನಾನು ಹೊರಗೆ ಹೋಗಿ ನಲ್ಲಿಯಲ್ಲಿ ಮುಖ ತೊಳೆದುಕೊಂಡೆ. ಮಿದುಳು ಅಷ್ಟು ಸಲೀಸಾಗಿ ಎರಡು ಹೋಳಾಗುವುದಿಲ್ಲವೆಂದು ಈಗಿನವರು ಹೇಳುತ್ತಾರೆ; ಇರಬಹುದು. ನಮ್ಮ ಅಂಗಳದಲ್ಲಂತೂ ಒಂದು ಬೋರ್ಡಿನ ಎರಡು ಬದಿಯಲ್ಲಿ ಇಬ್ಬರು ಹುಡುಗಿಯರಿದ್ದರು, ಮತ್ತು ಅವರನ್ನು ಹೋಳು ಮಾಡಿದ್ದು ಮಿದುಳಲ್ಲ.

ತರಬೇತಿ ಮುಗಿಸಿ ಬಂದ ವಾರವೇ ಆಪಾಳನ್ನು ಬಲವಂತದಿಂದ ನನ್ನ ತರಗತಿಗೆ ಕರೆದೊಯ್ದೆ. ಬೆಂಚುಗಳನ್ನು ಗೋಡೆಗೆ ಸರಿಸಿ, ಒಂದು ಹಾಳೆಗೆ ಇಬ್ಬರಂತೆ ಹುಡುಗಿಯರನ್ನು ಎದುರುಬದುರು ಕೂಡಿಸಿದೆವು. ಈಚೆಯವಳು ಅಳೆದು ಗೆರೆ ಹಾಕಬೇಕು, ಆಚೆಯವಳು ಈಚೆಯವಳಿಗೆ ಕಾಣುವಂತೆ ಬರೆಯಬೇಕು, ಆಮೇಲೆ ಜಾಗ ಬದಲು. ಒಬ್ಬ ಹುಡುಗಿ, "ಅಕ್ಕೋರೇ, ನನ್ನ ಬೀಗ ವಟಗುಟ್ಟೋ ಕಪ್ಪಿ ಆಗೈತ್ರಿ!" ಎಂದು ಕೂಗಿದಳು. "ಆಗ್ಲಿ ಬಿಡವ್ವ, ಕಪ್ಪೀನೂ ಚಲೋ ಐತೆ. ಬೀಗ ಅನ್ನೋದು ಮರೆತು ಮತ್ತೆ ನೋಡು," ಎಂದು ಆಪಾ ನಕ್ಕಳು. ಆಮೇಲೆ ಆ ಹುಡುಗಿಯ ಎದುರಿಗೆ ಕೂತು, ಪೆನ್ಸಿಲು ತೆಗೆದುಕೊಂಡು, ಒಂದೂ ಗೆರೆ ಅಳಿಸದೆ ಬೀಗವನ್ನು ಬರೆದುಕೊಟ್ಟಳು. ಎಂಟೊಂಬತ್ತು ವರ್ಷಗಳ ಮೇಲೆ ಅವಳ ಕೈ ನಿಲ್ಲದೆ ಓಡಿದ್ದನ್ನು ನಾನು ನೋಡಿದೆ. ಮೂರು ವಾರ ಅವಳು ಬಂದಳು. ನಾಲ್ಕನೆಯ ವಾರ ಮುಖ್ಯೋಪಾಧ್ಯಾಯಿನಿಯವರು ನನ್ನನ್ನು ಕರೆಸಿ, ಸರ್ಟಿಫಿಕೇಟು ಇಲ್ಲದವರು ಪಾಠ ಮಾಡಿದರೆ ತಪಾಸಣೆಯಲ್ಲಿ ತಮಗೆ ತೊಂದರೆಯೆಂದರು. ನಾನು ವಾದಿಸಿದೆ. ಆಪಾ ವಾದಿಸಲಿಲ್ಲ, ಮರುದಿನದಿಂದ ಬರಲಿಲ್ಲ.

ಆ ಮನೆ ಈಗಿಲ್ಲ. ಅಬ್ಬಾ ಹೋದರು, ಅಮ್ಮಿ ಹೋದರು, ಅಂಗಳದ ಜಾಗದಲ್ಲಿ ಬೇರೆಯವರ ಕಟ್ಟಡ ಎದ್ದಿತು. ಆಪಾ ತೀರಿಕೊಂಡು ಎರಡು ರಂಜಾನ್ ಕಳೆದವು. ಅವಳು ಬರೆದ ಒಂದು ಎತ್ತೂ, ಒಂದು ಹೊಲಿಗೆ ಯಂತ್ರವೂ ಹರಿಹರ, ದಾವಣಗೆರೆ ಎರಡೂ ಊರುಗಳಲ್ಲಿ ಉಳಿದಿಲ್ಲ. ಹಳೆಯ ತಗಡುಗಳನ್ನು ಹುಡುಕಿ ನಾನು ಅಂಗಡಿ ಅಂಗಡಿ ತಿರುಗಿದ್ದೇನೆ. ನನ್ನ ಕೈ ಬರಿದಾಗಿದೆ. ಅವಳ ಚಿತ್ರದ ಲೆಕ್ಕದಲ್ಲಿ ಅವಳ ಹೆಸರನ್ನು ಅಚ್ಚುಕಟ್ಟಾಗಿ, ತಂದೆಯ ಹೆಸರಿನ ಸಮೇತ ಬರೆದಿಟ್ಟ ಜಾಗ ಒಂದೇ ಒಂದು, ಅದು ಆ ಡ್ರಾಯಿಂಗ್ ಪರೀಕ್ಷೆಯ ದಾಖಲೆಯ ಪುಸ್ತಕ. ಅಲ್ಲಿ ಅದರ ಮುಂದೆ 'ಅನುತ್ತೀರ್ಣ' ಎಂದಿದೆ.

ಚಿತ್ರಕಲೆಯ ಪರೀಕ್ಷೆ ನಡೆಸುವವರೇ, ನಾನು ಕರುಣೆ ಕೇಳುತ್ತಿಲ್ಲ. ಹಾಳೆಯನ್ನು ತಿರುಗಿಸತಕ್ಕದ್ದಲ್ಲ ಎಂಬ ಸೂಚನೆ ಎಲ್ಲೆಲ್ಲಿ ಇನ್ನೂ ಉಳಿದಿದೆಯೋ ಅಲ್ಲೆಲ್ಲ ಅದನ್ನು ಹೊಡೆದುಹಾಕಿ. ಸರ್ಟಿಫಿಕೇಟು ಇಲ್ಲದಿದ್ದರೂ ಕೆಲಸ ಬಲ್ಲ ಕೈಗಳಿಗೆ ವಾರಕ್ಕೆ ಎರಡು ಪೀರಿಯಡ್ ಕಲಿಸಲು ಶಾಲೆಯ ಬಾಗಿಲು ತೆರೆಯುವ ಆದೇಶ ಹೊರಡಿಸಿ. ಮತ್ತು ಆ ಹಳೆಯ ಪುಸ್ತಕವನ್ನು ಕಪಾಟಿನಿಂದ ಹೊರಗೆ ತೆಗೆದು, ಹರಿಹರದ ಪೇಂಟರ್ ಗಫೂರ್ ಸಾಹೇಬರ ಹಿರಿಯ ಮಗಳು ಶಮೀಮ್ ಎಂಬ ಹೆಸರಿನ ಮುಂದೆ, 'ಈ ವಿದ್ಯಾರ್ಥಿನಿಯ ಚಿತ್ರವನ್ನು ಪರೀಕ್ಷಕರು ತಪ್ಪು ಬದಿಯಿಂದ ನೋಡಿದರು' ಎಂದು ಬರೆದು, ಕೆಳಗೆ ಸಹಿ ಮಾಡಿ, ಅದರ ಪ್ರತಿಯನ್ನು ನನಗೆ ಕಳಿಸಿ. ನನಗೆ ವಯಸ್ಸಾಗಿದೆ, ಬೇಗ ಕಳಿಸಿ.